ಕೆಟ್ಟು ನಿಂತವುಗಳ ಮ್ಯೂಸಿಯಂನಲ್ಲಿ ಫ್ಯಾನ್ ಓಡಿದ ಪ್ರಕರಣ

ಹೊರದೇಶದ ಮ್ಯೂಸಿಯಂ ಒಂದರ ನಿಯಮಾವಳಿಯಲ್ಲಿ ಪ್ರತ್ಯೇಕವಾಗಿ ಉಲ್ಲೇಖಿಸಲ್ಪಟ್ಟಿರುವ ಏಕೈಕ ಬಲಗೈ ನನ್ನದಾಗಿರುತ್ತದೆ. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ. ಜಂಬಕ್ಕಾದರೆ ಹೇಳಿಕೊಳ್ಳಲು ನನ್ನಲ್ಲಿ ಬೇರೆ ಬೇಕಾದಷ್ಟಿದೆ. ಸದರಿ ಪ್ರಕರಣದ ಬಗ್ಗೆ ನಮ್ಮ ಊರಿನಲ್ಲಿ ಇಲ್ಲಸಲ್ಲದ ಮಾತುಗಳು ಹಬ್ಬಿರುವುದರಿಂದ, ನಡೆದದ್ದನ್ನು ನಡೆದ ಹಾಗೆಯೇ ಎಲ್ಲರ ಗಮನಕ್ಕೆ ತರಲಾಗುತ್ತಿದೆ.

ನಮ್ಮ ಚಿಕ್ಕಪ್ಪನಿಗೆ ಊರ ಬಸ್ ನಿಲ್ದಾಣದ ಎದುರು ಫ್ಯಾನ್ ಮತ್ತು ಮಿಕ್ಸಿ ಅಂಗಡಿ ಇದೆ. ಮುಂದುಗಡೆ ಹೊಸದರ ಮಾರಾಟ, ಹಿಂದುಗಡೆ ಹಳೆಯದರ ರಿಪೇರಿ. ರಿಪೇರಿಯನ್ನು ಚಿಕ್ಕಪ್ಪನೇ ಮಾಡುತ್ತಾರೆ. ಅಷ್ಟು ಶ್ರದ್ಧೆಯ ರಿಪೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಫ್ಯಾನನ್ನು ಪೂರ್ತಿ ಬಿಚ್ಚುತ್ತಾರೆ. ಒಂದೊಂದು ಭಾಗವನ್ನೂ ಒರೆಸಿ ಹಳೇ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಊದುತ್ತಾರೆ, ಗ್ರೀಸ್ ಹಚ್ಚುತ್ತಾರೆ, ಮತ್ತೆ ಊದುತ್ತಾರೆ, ಜೋಡಿಸುತ್ತಾರೆ. ಜೋಡಿಸಿದ ಮೇಲೆ ಬಟ್ಟೆಯ ಮೇಲೆ ಒಂದಿಷ್ಟು ಸ್ಕ್ರೂ ಉಳಿಯುತ್ತವೆ. ಇದನ್ನು ಅವರು ಉಳಿತಾಯ ಎಂದು ಕರೆದು ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಗಿರಾಕಿಯ ಎದುರಿಗೆ ಫ್ಯಾನು ಚೆನ್ನಾಗಿಯೇ ತಿರುಗುತ್ತದೆ. ಗಿರಾಕಿ ಮನೆಗೆ ಹೋಗಿ, ಸ್ವಿಚ್ ಹಾಕಿ, ಕಾಲು ಚಾಚಿ ಕೂತು "ಅಬ್ಬಾ" ಎನ್ನುವ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ವಾಪಸ್ ತಂದರೆ ಚಿಕ್ಕಪ್ಪ ಅವನನ್ನು ಕನಿಕರದಿಂದ ನೋಡಿ, "ನಿಮ್ಮ ಮನೆ ಕರೆಂಟ್ ಸರಿ ಇಲ್ಲ" ಎನ್ನುತ್ತಾರೆ. ಗಿರಾಕಿ ನಿಟ್ಟುಸಿರು ಬಿಟ್ಟು ಹಿಂದುಗಡೆಯಿಂದ ಮುಂದುಗಡೆಗೆ ಬಂದು ಹೊಸ ಫ್ಯಾನ್ ಕೊಳ್ಳುತ್ತಾನೆ.

ಇಡೀ ಸೀಮೆಯಲ್ಲೇ ಅತಿ ಹೆಚ್ಚು ಫ್ಯಾನ್ ಮಾರುವ ಅಂಗಡಿ ನಮ್ಮದು ಎಂದು ಫ್ಯಾನ್ ಕಂಪನಿ ಘೋಷಿಸಿದ್ದು ಹೀಗೆ.

ನಾನು ಅಂಗಡಿಯಲ್ಲಿ ಎರಡನೆಯವನು. ನನ್ನ ವಿಧಾನ ಬೇರೆ. ನಾನು ಬಿಚ್ಚುವುದಿಲ್ಲ, ಒರೆಸುವುದಿಲ್ಲ. ಒಂದು ಏಟು ಹಾಕುತ್ತೇನೆ. ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಎಂಬುದು ಹುಟ್ಟಿನಿಂದ ಬರಬೇಕು. ನನಗೆ ಬಂದಿದೆ. ಊರಿನವರು ನನ್ನನ್ನು "ಒಂದೇಟು" ಎಂದೇ ಕರೆಯುತ್ತಾರೆ. ಮೂಲೆ ಸೇರಿದ್ದ ರೇಡಿಯೋ, ಹಟ ಹಿಡಿದ ಇಸ್ತ್ರಿಪೆಟ್ಟಿಗೆ, ಒಂದು ಸಲವಂತೂ ಟಿಕೆಟ್ ಕೊಡುವ ಯಂತ್ರ, ಎಲ್ಲವೂ ನನ್ನ ಕೈ ಸೋಕಿದೊಡನೆ ಕೆಲಸಕ್ಕೆ ಹಾಜರಾಗಿವೆ. ಚಿಕ್ಕಪ್ಪ ಮಾತ್ರ ಇದನ್ನು ಒಪ್ಪುವುದಿಲ್ಲ. "ಬಡಿದು ಓಡಿಸೋದು ರಿಪೇರಿ ಅಲ್ಲ ಕಣೋ, ಬೆದರಿಕೆ" ಎನ್ನುತ್ತಾರೆ.

ಕಂಪನಿಯವರು ನಮ್ಮ ಅಂಗಡಿಗೆ ವಿದೇಶ ಪ್ರವಾಸ ಬಹುಮಾನ ಕೊಟ್ಟರು. ಇಬ್ಬರಿಗೆ ಟಿಕೆಟ್. ಚಿಕ್ಕಪ್ಪ ಚಿಕ್ಕಮ್ಮನನ್ನು ಕರೆದರು.

"ಮೊದ್ಲು ಮನೆ ಮಿಕ್ಸಿ ಓಡ್ಲಿ, ಆಮೇಲೆ ವಿಮಾನ ಓಡಿಸೋಣ" ಎಂದರು ಚಿಕ್ಕಮ್ಮ.

ಮನೆಯ ಮಿಕ್ಸಿಯನ್ನು ಚಿಕ್ಕಪ್ಪನೇ ರಿಪೇರಿ ಮಾಡಿದ್ದರು. ಆವತ್ತಿನಿಂದ ಚಿಕ್ಕಮ್ಮ ಪಕ್ಕದ ಮನೆಗೆ ಹೋಗಿ ರುಬ್ಬಿಕೊಂಡು ಬರುತ್ತಾರೆ. ಒಂದೇಟು ಹಾಕಿ ಸರಿ ಮಾಡಿಕೊಡುತ್ತೇನೆ ಎಂದು ನಾನು ಕೈ ಎತ್ತಿದ್ದೂ ಉಂಟು. ಚಿಕ್ಕಮ್ಮ ಕೈ ಹಿಡಿದುಕೊಂಡರು. "ಬೇಡ ಕಣೋ. ನೀನು ಓಡಿಸ್ಬಿಟ್ರೆ ಅವ್ರು ಬೇಜಾರು ಮಾಡ್ಕೋತಾರೆ. ರುಬ್ಬೋದು ಎಲ್ಲಾದ್ರೂ ರುಬ್ಬಬಹುದು" ಎಂದರು. ಹೀಗಾಗಿ ಎರಡನೇ ಟಿಕೆಟ್ ನನಗೆ ಬಂತು.

ಪ್ರವಾಸದ ಕೊನೆಯ ದಿನ ನಮಗೆ ಒಂದು ಅರಮನೆ ತೋರಿಸಬೇಕಿತ್ತು. ಅರಮನೆ ರಿಪೇರಿಗಾಗಿ ಮುಚ್ಚಿತ್ತು. ನಮ್ಮ ಗುಂಪನ್ನು ಕರೆದೊಯ್ಯುತ್ತಿದ್ದ ಗೈಡಮ್ಮ ಕೈಯಲ್ಲಿದ್ದ ಪುಟ್ಟ ಬಾವುಟ ಆಡಿಸುತ್ತಾ, "ಬೇಸರ ಮಾಡ್ಕೋಬೇಡಿ, ಇದರ ಬದಲು ಇನ್ನೊಂದು ಮ್ಯೂಸಿಯಂ ಇದೆ. ಸಂಜೆ ಅಲ್ಲಿಂದಲೇ ಬಸ್ಸು, ಸೀದಾ ವಿಮಾನ ನಿಲ್ದಾಣ" ಎಂದರು. ಅವರಿಗೆ ನಮ್ಮ ಭಾಷೆಯೂ ಬರುತ್ತಿತ್ತು, ಆ ದೇಶದವರದ್ದೂ ಬರುತ್ತಿತ್ತು. ಮುಂದೆ ಆ ದೇಶದವರು ಆಡುವ ಮಾತೆಲ್ಲ ಗೈಡಮ್ಮನ ಬಾಯಿಂದ ಹಾದು ಬಂದದ್ದು ಎಂದು ತಿಳಿದುಕೊಳ್ಳತಕ್ಕದ್ದು.

ಮ್ಯೂಸಿಯಂ ಬಾಗಿಲ ಮೇಲೆ ದೊಡ್ಡ ಫಲಕವಿತ್ತು. ಕೆಟ್ಟು ನಿಂತವುಗಳ ಮ್ಯೂಸಿಯಂ ಎಂದು ಗೈಡಮ್ಮ ಓದಿ ಹೇಳಿದರು. ಒಳಗೆ ಇಟ್ಟಿದ್ದೆಲ್ಲ ಕೆಟ್ಟ ಯಂತ್ರಗಳೇ. ನಮ್ಮ ಅಂಗಡಿಯ ಹಿಂದುಗಡೆಯೇ, ಆದರೆ ಅಮೃತಶಿಲೆಯ ನೆಲ, ಮೆತ್ತನೆ ದೀಪ, ಪ್ರತಿಯೊಂದರ ಮುಂದೆಯೂ ಹಿತ್ತಾಳೆ ಕಂಬಕ್ಕೆ ಕಟ್ಟಿದ ಕೆಂಪು ಹಗ್ಗ. ಎರಡು ಅಂತಸ್ತುಗಳ ನಡುವೆ ಸಿಕ್ಕಿಕೊಂಡು ನಿಂತ ಲಿಫ್ಟು. ಒಂದೇ ಅಕ್ಷರದ ಮೇಲೆ ಮೊಂಡು ಬಿದ್ದ ಟೈಪ್‌ರೈಟರು. ಬಾಗಿಲ ಗಂಟೆಯೊಂದರ ಮುಂದೆ ಉದ್ದ ಸಾಲು ನಿಂತಿತ್ತು. ಜನ ಒಬ್ಬೊಬ್ಬರಾಗಿ ಮುಂದೆ ಹೋಗುವುದು, ಗುಂಡಿ ಒತ್ತುವುದು, ಏನೂ ಕೇಳಿಸದಿರುವುದನ್ನು ತಲೆ ವಾಲಿಸಿ ಕೇಳುವುದು, ತೃಪ್ತಿಯಿಂದ ಪಕ್ಕಕ್ಕೆ ಸರಿಯುವುದು. ಒಬ್ಬ ಅಜ್ಜಿ ಮೊಮ್ಮಗಳನ್ನು ಎತ್ತಿ ಹಿಡಿದು ಒತ್ತಿಸಿದಳು. ಮೊಮ್ಮಗಳಿಗೂ ಏನೂ ಕೇಳಿಸಲಿಲ್ಲ. ಇಬ್ಬರೂ ನಕ್ಕರು.

ಚಿಕ್ಕಪ್ಪನ ಕಣ್ಣು ತುಂಬಿ ಬಂತು.

"ನೋಡೋ, ಮರ್ಯಾದೆ ಅಂದ್ರೆ ಇದು" ಎಂದರು. "ನಮ್ಮೂರಲ್ಲಿ ಒಂದು ಯಂತ್ರ ನಿಂತ್ರೆ ಅದನ್ನ ತಂದು ನನ್ನ ಮುಖದ ಮೇಲೆ ಎಸೀತಾರೆ."

"ನಿಮ್ಮ ರಿಪೇರಿಗೆ ಮುಂಚೆ ಅದು ಅಲ್ಪಸ್ವಲ್ಪ ಓಡ್ತಾ ಇರುತ್ತೆ ಚಿಕ್ಕಪ್ಪ."

"ಬಾಯ್ ಮುಚ್ಕೊಂಡು ನೋಡು."

ನೋಡಿದೆ. ದೊಡ್ಡ ಹಜಾರದ ನಟ್ಟನಡುವೆ, ಎತ್ತರದ ಕಟ್ಟೆಯ ಮೇಲೆ, ಆಳೆತ್ತರದ ಸ್ಟ್ಯಾಂಡ್ ಫ್ಯಾನೊಂದು ನಿಂತಿತ್ತು. ಮ್ಯೂಸಿಯಂನ ಕೀರ್ತಿಯೆಲ್ಲ ಅದರದ್ದೇ. ಬಹಳ ಹಿಂದೆ, ಬಿಸಿಲು ಸುಡುತ್ತಿದ್ದ ಒಂದು ದಿನ, ಆ ನಗರದ ಸಭೆಯಲ್ಲಿ ಅಧ್ಯಕ್ಷರು ಭಾಷಣ ಮಾಡುತ್ತಿರುವಾಗ ಈ ಫ್ಯಾನು ನಿಂತುಹೋಯಿತಂತೆ. ಸೆಕೆ ತಾಳದೆ ಅಧ್ಯಕ್ಷರು ಭಾಷಣ ನಿಲ್ಲಿಸಿದರಂತೆ. ಭಾಷಣವೊಂದು ಅರ್ಧಕ್ಕೆ ನಿಂತದ್ದು ಆ ದೇಶದ ಇತಿಹಾಸದಲ್ಲಿ ಅದೇ ಮೊದಲಂತೆ. ಕೃತಜ್ಞರಾದ ನಾಗರಿಕರು ಫ್ಯಾನನ್ನು ಮೆರವಣಿಗೆಯಲ್ಲಿ ತಂದು ಇಲ್ಲಿ ಸ್ಥಾಪಿಸಿದರಂತೆ.

ಫ್ಯಾನಿನ ಸ್ವಿಚ್ಚು ಹಾಕಿಯೇ ಇತ್ತು. ವೈರು ಗೋಡೆಯ ಪ್ಲಗ್ಗಿನಲ್ಲಿತ್ತು. ಆದರೂ ಅದು ಸುಮ್ಮನೆ ನಿಂತಿತ್ತು, ನನ್ನನ್ನೇ ನೋಡುತ್ತಾ.

ಕೆಟ್ಟ ಯಂತ್ರದ ಎದುರು ನಾನು ಕೈ ಕಟ್ಟಿಕೊಂಡು ನಿಂತದ್ದು ಅಲ್ಲಿಯವರೆಗೆ ಇರಲಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಗಡಿಯಾರ ನಿಂತಿದ್ದರೆ ಮೊದಲು ಅದಕ್ಕೊಂದು ಕೊಟ್ಟು ಆಮೇಲೆ ಎಲೆ ಮುಂದೆ ಕೂರುವವನು ನಾನು. ಹಗ್ಗದಾಚೆಗೆ ಕೈ ಚಾಚಿ, ಮೋಟರಿನ ಹಿಂಭಾಗಕ್ಕೆ, ಎಡಗಡೆ, ಸ್ವಲ್ಪ ಕೆಳಗೆ, ಒಂದು ಏಟು ಹಾಕಿದೆ.

ಫ್ಯಾನು ಕೆಮ್ಮಿತು. ರೆಕ್ಕೆ ಅಲುಗಿತು. ಆಮೇಲೆ ಗಿರ್ರನೆ ತಿರುಗಿತು.

ಅಷ್ಟು ವರ್ಷ ಕೂತಿದ್ದ ಧೂಳೆಲ್ಲ ಎದ್ದು, ಎದುರಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದ ದಂಪತಿಗಳನ್ನು ಗುರುತು ಸಿಗದಂತೆ ಮಾಡಿತು. ವಸ್ತುಗಳ ಮುಂದಿದ್ದ ವಿವರದ ಚೀಟಿಗಳೆಲ್ಲ ಹಾರಿದವು. ನಾನು ಎರಡೂ ಕೈ ಎತ್ತಿ ಗುಂಪಿನ ಕಡೆ ತಿರುಗಿದೆ, ಚಪ್ಪಾಳೆಗೆ ಕಾಯುತ್ತಾ.

ಚಪ್ಪಾಳೆ ಬರಲಿಲ್ಲ. ಒಬ್ಬ ಹೆಂಗಸು ಕಿರುಚಿದಳು. ಎಲ್ಲೋ ಸೈರನ್ ಕೂಗಬೇಕಿತ್ತು, ಅದೂ ಕೆಟ್ಟದ್ದೇ ಆದ್ದರಿಂದ ಕಾವಲಿನವನು ಬಾಯಿಯಲ್ಲೇ ಕೂಗಿದ. ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: "ಸಂದರ್ಶಕರು ಶಾಂತರಾಗಿರಬೇಕು. ಮುಖ್ಯ ಹಜಾರದಲ್ಲಿ ಒಂದು ವಸ್ತು ಕೆಲಸ ಮಾಡುತ್ತಿದೆ. ಪರಿಸ್ಥಿತಿಯನ್ನು ಹತೋಟಿಗೆ ತರಲಾಗುತ್ತಿದೆ. ಮಕ್ಕಳನ್ನು ದೂರ ಕರೆದೊಯ್ಯಿರಿ."

"ನಿನ್ನ ಕೈಗೆ ಬೆಂಕಿ ಹಾಕ" ಎಂದರು ಚಿಕ್ಕಪ್ಪ. "ಎರಡು ನಿಮಿಷ ಸುಮ್ನಿರೋಕಾಗಲ್ವೇನೋ?"

ನನ್ನನ್ನೂ ಗೈಡಮ್ಮನನ್ನೂ ನಿರ್ದೇಶಕಿಯವರ ಕೋಣೆಗೆ ಕರೆದೊಯ್ಯಲಾಯಿತು. ಚಿಕ್ಕಪ್ಪ ಮುನಿಸಿಕೊಂಡು ಲಿಫ್ಟಿನ ಕಡೆಗೆ ನಡೆದರು. ನಿರ್ದೇಶಕಿ ವಯಸ್ಸಾದ ಹೆಂಗಸು. ಕನ್ನಡಕವನ್ನು ಸರಪಣಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಅವರ ಪಕ್ಕದಲ್ಲಿ ಬಿಳಿ ಕೈಗವಸಿನ ಒಬ್ಬ ಸಣಕಲು ಮನುಷ್ಯ ನಿಂತು ಬಿಕ್ಕುತ್ತಿದ್ದ. ಅವನು ಆ ಮ್ಯೂಸಿಯಂನ ದುರಸ್ತಿ ತಡೆ ಅಧಿಕಾರಿ. ಯಾವ ವಸ್ತುವೂ ತಪ್ಪಿ ದುರಸ್ತಿಯಾಗದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಅವನ ಇಡೀ ಸೇವಾವಧಿಯಲ್ಲಿ ಪ್ರದರ್ಶನದ ಒಂದು ಬಲ್ಬು ಸಹ ಹೊತ್ತಿಕೊಂಡಿರಲಿಲ್ಲ. ಅದಕ್ಕಾಗಿ ಪದಕ ಕೊಟ್ಟಿದ್ದರು, ಎದೆಯ ಮೇಲಿತ್ತು.

"ಮಗೂ" ಎಂದರು ನಿರ್ದೇಶಕಿ, ಸಿಟ್ಟಿಲ್ಲದೆ. "ಯಾಕೆ ಹೊಡೆದೆ?"

"ನಿಂತಿತ್ತಲ್ಲಮ್ಮ. ನಿಮ್ಮಲ್ಲಿ ಇಷ್ಟು ವರ್ಷ ಯಾರೂ ಒಂದೇಟು ಹಾಕಿ ನೋಡ್ಲೇ ಇಲ್ವಾ?"

"ಹೊಡೆಯೋದಾ? ಪಾಪ, ಅದೇನು ತಪ್ಪು ಮಾಡಿತ್ತು?"

ಇಂಥ ಪ್ರಶ್ನೆ ಬಂದಾಗ ನಾನು ಕಾಲರ್ ಸರಿ ಮಾಡಿಕೊಳ್ಳುತ್ತೇನೆ. ಮಾಡಿಕೊಂಡೆ.

ಆಮೇಲೆ ಅವರು ವಿಷಯ ತಿಳಿಸಿದರು. ಅದೇ ದಿನ ಸಂಜೆಯೊಳಗೆ ಸರ್ಕಾರದ ತಪಾಸಣಾಧಿಕಾರಿ ಬರುವವರಿದ್ದರು. ಪ್ರದರ್ಶನಕ್ಕಿಟ್ಟ ಒಂದೇ ಒಂದು ವಸ್ತು ಓಡುತ್ತಿರುವುದು ಕಂಡುಬಂದರೂ ಮಾನ್ಯತೆ ರದ್ದು. ಓಡುವ ವಸ್ತುಗಳಿರುವ ಕಟ್ಟಡವನ್ನು ಅಲ್ಲಿನ ಕಾನೂನು ಅಂಗಡಿ ಎಂದು ಪರಿಗಣಿಸುತ್ತದೆ. ಮ್ಯೂಸಿಯಂ ಮುಚ್ಚುತ್ತದೆ, ಸಿಬ್ಬಂದಿಯೆಲ್ಲ ಮನೆಗೆ ಹೋಗಬೇಕಾಗುತ್ತದೆ. ಇನ್ನು ನಾನು, ವಸ್ತುವು ಮೂಲಸ್ಥಿತಿಗೆ ಮರಳುವ ತನಕ ದೇಶ ಬಿಡುವಂತಿಲ್ಲ. ನನ್ನ ಪಾಸ್‌ಪೋರ್ಟನ್ನು ಅವರು ಆಗಲೇ ಡ್ರಾಯರಿಗೆ ಹಾಕಿದ್ದರು. ಆ ಡ್ರಾಯರೂ ಒಂದು ಪ್ರದರ್ಶನ ವಸ್ತು. ಮುಚ್ಚಿದರೆ ಸುಲಭಕ್ಕೆ ತೆರೆಯುವುದಿಲ್ಲ.

"ಅಯ್ಯೋ, ಅದಕ್ಕೇನಂತೆ? ಸ್ವಿಚ್ ತೆಗೀರಿ!" ಎಂದೆ.

ನಿರ್ದೇಶಕಿ, ಅಧಿಕಾರಿ, ಗೈಡಮ್ಮ ಮೂವರೂ ನನ್ನನ್ನು ನೋಡಿದ ರೀತಿಯಲ್ಲಿ ಹಳ್ಳಿಯವನನ್ನು ನೋಡುವ ರೀತಿ ಇತ್ತು. ದುರಸ್ತಿ ತಡೆ ಅಧಿಕಾರಿ ಮೂಗು ಒರೆಸಿಕೊಂಡು ನಿಯಮ ಓದಿದ. "ಸ್ವಿಚ್ ಹಾಕಿದಾಗಲೂ ಓಡದಿರುವುದು ಕೆಟ್ಟದ್ದು. ಸ್ವಿಚ್ ತೆಗೆದಾಗ ಓಡದಿರುವುದು ವಿಧೇಯತೆ. ಈ ಸಂಸ್ಥೆಯು ವಿಧೇಯ ವಸ್ತುಗಳನ್ನು ಸಂಗ್ರಹಿಸುವುದಿಲ್ಲ."

"ಸರಿ, ಹಾಗಾದ್ರೆ ಸುತ್ತಿಗೆ ಕೊಡಿ."

"ವಸ್ತುವನ್ನು ಕೆಡಿಸುವುದು ಶಿಕ್ಷಾರ್ಹ ಅಪರಾಧ. ಕೆಟ್ಟ ವಸ್ತುವನ್ನು ಕೆಡಿಸಿದರೂ ಅಪರಾಧವೇ. ಅದರಲ್ಲೂ ಓಡುವ ವಸ್ತುವನ್ನು ಕೆಡಿಸಿದರೆ..." ಅವನಿಗೆ ಮುಂದೆ ಓದಲಾಗಲಿಲ್ಲ.

"ಹಾಗಾದ್ರೆ ಏನು ಮಾಡಬಹುದು?" ಎಂದು ಕೇಳಿದರು ಗೈಡಮ್ಮ, ಗಡಿಯಾರ ನೋಡಿಕೊಳ್ಳುತ್ತಾ.

ನಿರ್ದೇಶಕಿ ಕನ್ನಡಕ ಹಾಕಿಕೊಂಡು ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. "ಒಂದೇ ದಾರಿ" ಎಂದರು. "ಅನುಮತಿ ಪಡೆದು ರಿಪೇರಿ ಮಾಡಬಹುದು. ರಿಪೇರಿಗೆ ನಿಷೇಧವಿಲ್ಲ. ಇದನ್ನು ಬರೆದವರಿಗೆ ಯಾರಾದರೂ ಇಲ್ಲಿ ರಿಪೇರಿ ಮಾಡಬಹುದೆಂದು ಹೊಳೆದಿಲ್ಲ ಅಂತ ಕಾಣುತ್ತೆ."

ಕಾನೂನು ಸ್ಪಷ್ಟವಾಗಿತ್ತು. ಫ್ಯಾನನ್ನು ನಿಲ್ಲಿಸಬೇಕಾದರೆ ರಿಪೇರಿ ಮಾಡಿಯೇ ನಿಲ್ಲಿಸಬೇಕು.

"ಇಷ್ಟೇನಾ! ನಾನೇ ಮಾಡ್ತೀನಿ" ಎಂದೆ. ಓಡಿಸಿದವನಿಗೆ ನಿಲ್ಲಿಸುವುದು ಯಾವ ಲೆಕ್ಕ?

ಸ್ಕ್ರೂಡ್ರೈವರ್ ಕೊಟ್ಟರು. ಹಜಾರ ಖಾಲಿ ಮಾಡಿಸಿದರು. ನಾನು ಬೇಕೆಂದೇ ತಪ್ಪು ಮಾಡಲು ಕೂತೆ. ಒಂದು ವೈರನ್ನು ಸಡಿಲ ಮಾಡಿದೆ, ಫ್ಯಾನಿನ ಸದ್ದು ಕಡಿಮೆಯಾಯಿತು. ರೆಕ್ಕೆಯ ಕಂಬಿ ಕೂರುವ ಬುಷ್ಷನ್ನು ತಿರುವುಮುರುವು ಹಾಕಿದೆ, ಅದು ಮೊದಲೇ ತಿರುವುಮುರುವಾಗಿತ್ತೋ ಏನೋ, ಈಗ ಫ್ಯಾನು ಬೆಣ್ಣೆಯ ಹಾಗೆ ತಿರುಗತೊಡಗಿತು. ಕಡೆಗೆ ಕೋಪ ಬಂದು ಫ್ಯಾನಿನ ಕುತ್ತಿಗೆಗೊಂದು ಕೊಟ್ಟೆ. ಕಾರ್ಖಾನೆಯಿಂದ ಬಂದಾಗಿನಿಂದ ಎಂದೂ ಅತ್ತಿತ್ತ ಆಡದಿದ್ದ ಅದರ ತಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿರುಗಿ ಇಡೀ ಹಜಾರಕ್ಕೆ ಸಮನಾಗಿ ಗಾಳಿ ಹಂಚತೊಡಗಿತು.

ದುರಸ್ತಿ ತಡೆ ಅಧಿಕಾರಿ ಪದಕ ಬಿಚ್ಚಿ ಜೇಬಿಗೆ ಹಾಕಿಕೊಂಡ.

ನಾನು ಹಣೆ ಒರೆಸಿಕೊಂಡೆ. ಇದು ನನ್ನ ತಪ್ಪಲ್ಲ. ಕೈಗೆ ಒಂದು ಗುಣ ಬಂದುಬಿಟ್ಟರೆ ಅದು ಹೇಳಿದ ಮಾತು ಕೇಳುವುದಿಲ್ಲ. ಆದರೆ ಡ್ರಾಯರಿನಲ್ಲಿ ಪಾಸ್‌ಪೋರ್ಟು, ಹೊರಗೆ ಬಸ್ಸು, ಮತ್ತು ಅಂಗಡಿಯನ್ನು ಚಿಕ್ಕಪ್ಪನೊಬ್ಬರೇ ನಡೆಸುವ ಚಿತ್ರ ಕಣ್ಣ ಮುಂದೆ ಬಂತು.

ಆ ಕ್ಷಣದಲ್ಲೇ ಹೊಳೆಯಿತು. ಹೊಳೆಯುವುದೂ ನನ್ನ ಹುಟ್ಟುಗುಣಗಳಲ್ಲಿ ಒಂದು.

ಚಿಕ್ಕಪ್ಪ ಆಗ ಸಿಕ್ಕಿಕೊಂಡ ಲಿಫ್ಟಿನ ಮುಂದೆ ನಿಂತು ಅದನ್ನು ಪ್ರೀತಿಯಿಂದ ನೋಡುತ್ತಿದ್ದರು. ನಾನು ಗೈಡಮ್ಮನನ್ನು ಕರೆದುಕೊಂಡು ನಿರ್ದೇಶಕಿಯ ಬಳಿ ಹೋದೆ.

"ಅಮ್ಮಾ, ನಿಮಗೆ ಬೇಕಾದ ಮನುಷ್ಯ ಇಲ್ಲೇ ಇದ್ದಾರೆ. ನಮ್ಮ ಚಿಕ್ಕಪ್ಪ."

"ಅವರ ಅನುಭವ?"

"ನನಗೆ ಬುದ್ಧಿ ಬಂದಾಗಿನಿಂದ ರಿಪೇರಿ ಮಾಡ್ತಾನೇ ಇದ್ದಾರೆ."

"ಅವರು ರಿಪೇರಿ ಮಾಡಿದವುಗಳಲ್ಲಿ ಎಷ್ಟು ಓಡುತ್ತಿವೆ?"

"ಒಂದೂ ಇಲ್ಲ."

ನಿರ್ದೇಶಕಿ ಕನ್ನಡಕ ತೆಗೆದರು. "ಒಂದೂ?"

"ಮನೆ ಮಿಕ್ಸಿ ಸೇರಿಸಿ, ಒಂದೂ ಇಲ್ಲ."

ಅವರು ಸರಪಣಿ ಹಿಡಿದುಕೊಂಡು ಕಿಟಕಿಯ ಕಡೆಗೆ ತಿರುಗಿದರು. "ಇಂಥವರು ಇಷ್ಟು ದಿನ ಎಲ್ಲಿದ್ದರು?" ಎಂದರು ಕಡೆಗೆ.

"ಬಸ್ ನಿಲ್ದಾಣದ ಎದುರಿಗೇ ಅಮ್ಮ. ಆದ್ರೆ ಒಂದು ಮಾತು. ಫ್ಯಾನು ನಿಲ್ಲಬೇಕು ಅಂತ ಅವರಿಗೆ ಹೇಳಬಾರದು. ಬೇಜಾರು ಮಾಡ್ಕೋತಾರೆ."

ಮಾತು ಆಡಿದ ಮೇಲೆ ಇದು ಚಿಕ್ಕಮ್ಮನ ಮಾತು ಎಂದು ಗೊತ್ತಾಯಿತು. ಇರಲಿ.

ಚಿಕ್ಕಪ್ಪನನ್ನು ಒಪ್ಪಿಸುವುದು ಬಾಕಿ ಉಳಿಯಿತು. ಅವರು ಸುಲಭದಲ್ಲಿ ಒಪ್ಪುವವರಲ್ಲ. ನನ್ನ ಏಟಿನಿಂದ ಓಡಿದ ಫ್ಯಾನಿನ ಹತ್ತಿರವೂ ಅವರು ಸುಳಿದಿರಲಿಲ್ಲ.

"ಚಿಕ್ಕಪ್ಪ, ಆ ಫ್ಯಾನು..."

"ನೀನು ಓಡಿಸಿದ್ದು ತಾನೆ? ನೀನೇ ನೋಡ್ಕೋ. ಒಂದೇಟು ಮಹಾರಾಜ."

"ಅದು ಸರಿಯಾಗಿ ಓಡ್ತಾ ಇಲ್ಲ."

"ಓಡ್ತಾ ಇದೆಯಲ್ಲೋ. ಇಲ್ಲಿಗೆ ಗಾಳಿ ಬರ್ತಾ ಇದೆ."

ಇದಕ್ಕಿಂತ ಮುಂಚೆ ಎಂದೂ ನನ್ನ ಬಾಯಿಂದ ಹೊರಡದ ವಾಕ್ಯವೊಂದನ್ನು ಆಗ ಹೊರಡಿಸಬೇಕಾಯಿತು. ಹೇಳಿದೆ. "ಬಡಿದು ಓಡಿಸೋದು ರಿಪೇರಿ ಅಲ್ಲ ಚಿಕ್ಕಪ್ಪ. ನನ್ನ ಕೈಲಿ ಆಗ್ಲಿಲ್ಲ. ನೀವೇ ಸರಿ ಮಾಡ್ಬೇಕು."

ಅವರು ನಿಧಾನವಾಗಿ ತಿರುಗಿ ನೋಡಿದರು. "ಇನ್ನೊಂದ್ಸಲ ಹೇಳು."

"ಚಿಕ್ಕಪ್ಪ, ಬಸ್ಸಿಗೆ ಹೊತ್ತಾಗುತ್ತೆ."

"ಹೇಳೋ."

ಹೇಳಿದೆ. ಗೈಡಮ್ಮನೂ ಕೇಳಿಸಿಕೊಂಡರು. ಅವರು ಅದನ್ನು ಆ ದೇಶದ ಭಾಷೆಯಲ್ಲೂ ಹೇಳಿಬಿಟ್ಟರು, ಅಗತ್ಯವಿರಲಿಲ್ಲ.

ಚಿಕ್ಕಪ್ಪ ಅಂಗಿಯ ತೋಳು ಮಡಚಿದರು. "ಹಳೇ ಬಟ್ಟೆ ತರೋಕೆ ಹೇಳು."

ಮ್ಯೂಸಿಯಂನವರು ಒಂದು ರೇಷ್ಮೆ ಪರದೆ ತಂದು ಹಾಸಿದರು. ಚಿಕ್ಕಪ್ಪ ಅಮೃತಶಿಲೆಯ ಮೇಲೆ ಚಕ್ಕಲಮಕ್ಕಲ ಹಾಕಿ ಕೂತು ಫ್ಯಾನನ್ನು ಪೂರ್ತಿ ಬಿಚ್ಚಿದರು. ಬಿಚ್ಚಿದ್ದನ್ನೆಲ್ಲ ಒರೆಸಿದರು, ಸಾಲಾಗಿ ಇಟ್ಟರು, ಊದಿದರು, ಗ್ರೀಸ್ ಹಚ್ಚಿದರು, ಮತ್ತೆ ಊದಿದರು. ಒಂದು ವೈರನ್ನು ದೀಪದ ಕಡೆ ಹಿಡಿದು ನೋಡಿ, "ಯಾವನೋ ಮಾಡಿದ್ದು ಇದು, ಕೆಲಸ ಗೊತ್ತಿಲ್ಲದೋನು" ಎಂದು ಗೊಣಗಿ ಬೇರೆ ಕಡೆ ಸಿಕ್ಕಿಸಿದರು. ಸಿಬ್ಬಂದಿ ಸುತ್ತ ನಿಂತು ನೋಡುತ್ತಿತ್ತು. ಜೋಡಿಸಿ ಮುಗಿದಾಗ ರೇಷ್ಮೆಯ ಮೇಲೆ ಒಂದು ಹಿಡಿ ಸ್ಕ್ರೂ ಉಳಿದವು. ನಾನು ನಿರ್ದೇಶಕಿಯ ಕಡೆ ನೋಡಿ ಕಣ್ಣು ಮಿಟುಕಿಸಿದೆ.

ಚಿಕ್ಕಪ್ಪ ಸ್ವಿಚ್ ಹಾಕಿದರು. ಫ್ಯಾನು ಓಡಿತು.

ಓಡಿದ್ದಷ್ಟೇ ಅಲ್ಲ, ಚೆನ್ನಾಗಿ ಓಡಿತು. ನಿರ್ದೇಶಕಿಯ ಮುಖ ಬಿಳಿಚಿಕೊಂಡಿತು. ದುರಸ್ತಿ ತಡೆ ಅಧಿಕಾರಿ ಗೋಡೆಗೆ ಒರಗಿ ಕೆಳಗೆ ಜಾರಿದ.

"ತಾಳಿ" ಎಂದೆ ಗೈಡಮ್ಮನ ಕಿವಿಯಲ್ಲಿ. "ಗಿರಾಕಿ ಮುಂದೆ ಓಡೇ ಓಡುತ್ತೆ."

ಅಷ್ಟರಲ್ಲಿ ಬಾಗಿಲು ತೆರೆಯಿತು. ತಪಾಸಣಾಧಿಕಾರಿ ಬಂದರು.

ದಪ್ಪನೆಯ ಮನುಷ್ಯ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಹೊರಗಿನ ಬಿಸಿಲಿನಿಂದ ಮೆಟ್ಟಿಲು ಹತ್ತಿ ಬಂದಿದ್ದರು. ಏಕೆಂದರೆ ಲಿಫ್ಟು ಪ್ರದರ್ಶನದಲ್ಲಿತ್ತು. ಒಳಗೆ ಬಂದವರೇ ಮೊದಲು ಕಂಡದ್ದು ತಿರುಗುತ್ತಿರುವ ಫ್ಯಾನನ್ನು.

"ಇದೇನಿದು?"

ಚಿಕ್ಕಪ್ಪ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು. "ಬನ್ನಿ ಸಾರ್, ಬನ್ನಿ. ಫಸ್ಟ್ ಕ್ಲಾಸ್ ಮಾಡಿದ್ದೀನಿ. ಕೂತ್ಕೊಳ್ಳಿ" ಎಂದು, ಕಾವಲಿನವನ ಕುರ್ಚಿ ಎಳೆದು ಫ್ಯಾನಿನ ಎದುರಿಗಿಟ್ಟರು. ಮಾತು ಅರ್ಥವಾಗದಿದ್ದರೂ ಕುರ್ಚಿ ಅರ್ಥವಾಯಿತು. ಅಧಿಕಾರಿಗಳು ಕೂತರು. ಕೈಯಲ್ಲಿ ಪೆನ್ನು ಸಿದ್ಧವಾಗಿತ್ತು. ಗಾಳಿ ಅವರ ಮುಖಕ್ಕೆ ಬಡಿಯಿತು. ಅವರು ಕೋಟಿನ ಗುಂಡಿ ಬಿಚ್ಚಿದರು. ಕಣ್ಣು ಮುಚ್ಚಿದರು. ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿದರು.

"ಅಬ್ಬಾ" ಎಂದರು. ಇದನ್ನು ಗೈಡಮ್ಮ ಹೇಳಿಕೊಡಬೇಕಾಗಲಿಲ್ಲ.

ಫ್ಯಾನು ಒಂದು ಸಲ ಕಟಕ್ ಎಂದಿತು. ರೆಕ್ಕೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಎರಡು ಸುತ್ತು ಯೋಚನೆ ಮಾಡುತ್ತಾ ತಿರುಗಿ, ನಿಂತಿತು.

ಅಧಿಕಾರಿಗಳು ಕಣ್ಣು ತೆರೆದರು. ಎದ್ದರು. ಸ್ವಿಚ್ಚು ನೋಡಿದರು, ಹಾಕಿತ್ತು. ಪ್ಲಗ್ಗು ನೋಡಿದರು, ಇತ್ತು. ಫ್ಯಾನಿನ ಸುತ್ತ ಒಂದು ಸುತ್ತು ಬಂದರು.

"ನಾನು ಇಷ್ಟೊಂದು ಮ್ಯೂಸಿಯಂ ತಪಾಸಣೆ ಮಾಡಿದ್ದೇನೆ" ಎಂದರು. ಗೈಡಮ್ಮ ಇದನ್ನು ನನ್ನ ಕಿವಿಗೆ ಮಾತ್ರ ಹೇಳಿದರು. "ಎಲ್ಲ ಕಡೆ ಕೆಟ್ಟ ಮೇಲಿನದನ್ನು ತೋರಿಸುತ್ತಾರೆ. ಕೆಡುವುದನ್ನೇ ತೋರಿಸಿದವರು ನೀವೊಬ್ಬರೇ."

ಅವರೇ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ನಿರ್ದೇಶಕಿ, ಆಮೇಲೆ ಕಾವಲಿನವರು, ಆಮೇಲೆ ಕೆಳಗಿನಿಂದ ಎದ್ದ ದುರಸ್ತಿ ತಡೆ ಅಧಿಕಾರಿ, ಕೈಗವಸು ಬಿಚ್ಚಿ, ಸದ್ದು ಬರಲೆಂದು.

ಚಿಕ್ಕಪ್ಪ ನಿಂತ ಫ್ಯಾನನ್ನೂ ಚಪ್ಪಾಳೆಯನ್ನೂ ಒಂದಾದ ಮೇಲೊಂದು ನೋಡಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು ಹೇಳಿದರು: "ಇವ್ರ ಕರೆಂಟ್ ಸರಿ ಇಲ್ಲ."

ಗೈಡಮ್ಮ ಹಾಗೆಯೇ ಹೇಳಿದರು. ತಪಾಸಣಾಧಿಕಾರಿಗಳು ಅದನ್ನು ತಜ್ಞರ ಅಭಿಪ್ರಾಯವೆಂದು ಬರೆದುಕೊಂಡರು.

ನನ್ನ ಪಾಸ್‌ಪೋರ್ಟಿದ್ದ ಡ್ರಾಯರು ಮಾತ್ರ ತೆರೆಯಲಿಲ್ಲ. ನಿರ್ದೇಶಕಿ ಎಳೆದರು, ಕಾವಲಿನವನು ಎಳೆದ. ಬಸ್ಸು ಹಾರನ್ ಹೊಡೆಯುತ್ತಿತ್ತು. ಕೊನೆಗೆ ದುರಸ್ತಿ ತಡೆ ಅಧಿಕಾರಿ ಗೋಡೆಯ ಕಡೆ ಮುಖ ತಿರುಗಿಸಿ, "ನಾನು ಏನೂ ನೋಡುತ್ತಿಲ್ಲ" ಎಂದ. ನಾನು ಮೇಜಿಗೆ ಒಂದು ಏಟು ಹಾಕಿದೆ. ಪಾಸ್‌ಪೋರ್ಟ್ ಸಿಕ್ಕ ಮೇಲೆ, ಡ್ರಾಯರನ್ನು ಚಿಕ್ಕಪ್ಪನಿಂದ ರಿಪೇರಿ ಮಾಡಿಸಿ ಹಿಂದಿನ ಸ್ಥಿತಿಗೆ ತರಲಾಯಿತು.

ವಿಮಾನದಲ್ಲಿ ಚಿಕ್ಕಪ್ಪ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಲೋ" ಎಂದರು ಆಮೇಲೆ, ನನ್ನ ಕಡೆ ತಿರುಗದೆ. "ನಿಜ ಹೇಳು. ಅವ್ರು ಯಾಕೆ ಚಪ್ಪಾಳೆ ತಟ್ಟಿದ್ರು?"

ಹೇಳಲು ನನ್ನ ಬಳಿ ಬಹಳ ಇತ್ತು. ಯಾರಿಗೆ ಮೊದಲು ಹೊಳೆದದ್ದು, ಯಾರಿಂದ ಎಲ್ಲ ಆದದ್ದು ಎಂದು. ನಾಲಿಗೆ ತುದಿಗೇ ಬಂದಿತ್ತು.

"ನಿಮ್ಮ ಕೆಲಸ ನೋಡಿ ಚಿಕ್ಕಪ್ಪ" ಎಂದೆ.

"ನಿಜವಾಗ್ಲೂ?"

"ನಾನ್ಯಾವಾಗ ಬೇರೆಯವ್ರನ್ನ ಹೊಗಳಿದ್ದೀನಿ ಹೇಳಿ."

ಅದನ್ನು ಅವರು ನಂಬಿದರು. ಡಬ್ಬಿ ತೆಗೆದು ಆ ದೇಶದ ಸ್ಕ್ರೂಗಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡುತ್ತಾ ಕೂತರು. ಹಿಂದಿರುಗಿಸಲು ಮರೆತಿದ್ದರು.

ಊರಿಗೆ ಬಂದ ಸ್ವಲ್ಪ ದಿನಕ್ಕೆ ಮ್ಯೂಸಿಯಂನಿಂದ ಚಿನ್ನದ ಅಂಚಿನ ಪತ್ರ ಬಂತು. ಚಿಕ್ಕಪ್ಪನನ್ನು ಸಂಸ್ಥೆಯ ಗೌರವ ದುರಸ್ತಿ ತಜ್ಞರೆಂದು ನೇಮಿಸಲಾಗಿದೆ, ಯಾವುದೇ ವಸ್ತು ಆಕಸ್ಮಿಕವಾಗಿ ಓಡತೊಡಗಿದಲ್ಲಿ ಕೂಡಲೇ ವಿಮಾನದಲ್ಲಿ ಕರೆಸಿಕೊಳ್ಳಲಾಗುವುದು ಎಂದಿತ್ತು. ಜೊತೆಗೆ ತಿದ್ದುಪಡಿಯಾದ ನಿಯಮಾವಳಿಯ ಪ್ರತಿ. ಅದರಲ್ಲಿ ನನ್ನ ಬಲಗೈಯ ಉಲ್ಲೇಖವಿದ್ದು, ಸದರಿ ಕೈಯು ಮ್ಯೂಸಿಯಂ ಆವರಣದಲ್ಲಿ ಜೇಬಿನಿಂದ ಹೊರಗೆ ಬರತಕ್ಕದ್ದಲ್ಲ ಎಂದು ಹೇಳಲಾಗಿತ್ತು. ಪಕ್ಕದಲ್ಲಿ ಕೈಯ ಚಿತ್ರವನ್ನೂ ಹಾಕಿದ್ದರು. ಚೆನ್ನಾಗಿ ಬಂದಿದೆ.

ಚಿಕ್ಕಪ್ಪ ಪತ್ರಕ್ಕೆ ಕಟ್ಟು ಹಾಕಿಸಿ ಅಂಗಡಿಯ ಹಿಂದುಗಡೆ ತೂಗುಹಾಕಿದರು. ಮೊದಲು ಬಂದು ನೋಡಿದವರು ಊರ ಶಾಲೆಯ ಮೇಷ್ಟ್ರು. ಅವರ ಮನೆಯ ಫ್ಯಾನು ಚಿಕ್ಕಪ್ಪನ ಕೈಯಿಂದ ಕೆಟ್ಟು ಅಟ್ಟ ಸೇರಿತ್ತು. ಮೇಷ್ಟ್ರು ಪತ್ರ ಓದಿ ಮನೆಗೆ ಹೋಗಿ ಅದನ್ನು ಅಟ್ಟದಿಂದ ಇಳಿಸಿ, ಒರೆಸಿ, ಜಗುಲಿಯಲ್ಲಿ ಹಗ್ಗ ಕಟ್ಟಿ ಇಟ್ಟರು. ಅದನ್ನು ನೋಡಿ ಎದುರುಮನೆಯವರೂ ಇಟ್ಟರು. ಒಂದು ತಿಂಗಳೊಳಗೆ ಜಗುಲಿಯಲ್ಲಿ ಚಿಕ್ಕಪ್ಪ ರಿಪೇರಿ ಮಾಡಿದ ಒಂದಾದರೂ ವಸ್ತುವಿಲ್ಲದ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುವಂತಾಯಿತು. ಈಗ ಗಿರಾಕಿಗಳು ಚೆನ್ನಾಗಿ ಓಡುವ ಫ್ಯಾನುಗಳನ್ನೇ ತಂದು, "ಸ್ವಲ್ಪ ರಿಪೇರಿ ಮಾಡಿಕೊಡಿ" ಎಂದು ಕೈಮುಗಿದು ನಿಲ್ಲುತ್ತಾರೆ. ಮನೆಗೆ ಹೋದ ಮೇಲೂ ಓಡುತ್ತಿದ್ದ ಒಂದು ಫ್ಯಾನಿನ ಬಗ್ಗೆ ದೂರು ಬಂದು, ಚಿಕ್ಕಪ್ಪ ಕ್ಷಮೆ ಕೇಳಿ ಮತ್ತೊಮ್ಮೆ ಬಿಚ್ಚಿ ಸರಿ ಮಾಡಿಕೊಟ್ಟರು. ಗಾಳಿ ಬೇಕೆಂದರೆ ಎಲ್ಲರೂ ಮುಂದುಗಡೆ ಹೊಸ ಫ್ಯಾನ್ ಕೊಳ್ಳುತ್ತಾರೆ. ಈ ವರ್ಷದ ಬಹುಮಾನವೂ ನಮ್ಮ ಅಂಗಡಿಗೇ ಎಂದು ಕಂಪನಿಯವರು ಈಗಲೇ ತಿಳಿಸಿದ್ದಾರೆ.

ಈ ಸಲ ಚಿಕ್ಕಮ್ಮ ಹೊರಡುತ್ತಿದ್ದಾರೆ. ಮಿಕ್ಸಿಗೆ ಹೂವಿನ ಕಸೂತಿಯ ಬಟ್ಟೆ ಹೊದಿಸಿ, ನಡುಮನೆಯ ಗಾಜಿನ ಬೀರುವಿನಲ್ಲಿ ಇಟ್ಟಿದ್ದಾರೆ. ರುಬ್ಬುವುದು ಈಗಲೂ ಪಕ್ಕದ ಮನೆಯಲ್ಲೇ. ಪಕ್ಕದ ಮನೆಯವರು ತಮ್ಮ ಮಿಕ್ಸಿಯನ್ನೂ ರಿಪೇರಿಗೆ ಕೊಡುವ ಯೋಚನೆಯಲ್ಲಿದ್ದಾರೆ. ಆಮೇಲೆ ಎಲ್ಲಿ ರುಬ್ಬುವುದು ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಲಿದ್ದಾರೆ.

ನನ್ನ ವಿಷಯಕ್ಕೆ ಬಂದರೆ, ಅಂಗಡಿಯ ಹಿಂದುಗಡೆಗೆ ನನಗೆ ಪ್ರವೇಶವಿಲ್ಲ. ರಿಪೇರಿಯಾದ ವಸ್ತುಗಳ ಹತ್ತಿರ ನಾನು ಸುಳಿದರೆ ಗಿರಾಕಿಗಳೇ "ಹುಡುಗನ್ನ ಆ ಕಡೆ ಕಳಿಸ್ರೀ" ಎಂದು ಗಾಬರಿಯಾಗುತ್ತಾರೆ. ಚಿಕ್ಕಪ್ಪ ಮ್ಯೂಸಿಯಂನವರ ಚಿತ್ರವನ್ನೇ ದೊಡ್ಡದು ಮಾಡಿಸಿ, ಕೆಂಪು ಗೀಟು ಎಳೆಸಿ, ಬಾಗಿಲಿಗೆ ಅಂಟಿಸಿದ್ದಾರೆ. ಬಸ್ಸಿನಿಂದ ಇಳಿದವರೆಲ್ಲ ನಿಂತು ನೋಡಿ ಹೋಗುತ್ತಾರೆ. ನಾನು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಅದರ ಪಕ್ಕದಲ್ಲೇ ನಿಂತಿರುತ್ತೇನೆ, ಯಾರಾದರೂ ಯಾರ ಕೈ ಎಂದು ಕೇಳಬಹುದೆಂದು. ಎರಡು ದೇಶಗಳಲ್ಲಿ ನಿಷೇಧವಾಗಿರುವ ಕೈ ನಮ್ಮ ಸುತ್ತಲ ಹಳ್ಳಿಗಳಲ್ಲಿ ಇನ್ನೊಂದಿದ್ದರೆ, ತಂದು ತೋರಿಸಲಿ ನೋಡೋಣ.